ಆಪ್ ಪರದೆ ನೋಡಲು ಏಜೆಂಟ್‌ಗೆ ಯಾವ ಟೂಲ್ ಕೊಡೋಣ? ಕೊಟ್ಟದ್ದನ್ನು ಹೇಗೆ ಬರೆದಿಡೋಣ?

ಆಪ್ ಮಾಡುವ ಗೆಳೆಯರು ಈಗೀಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೋಡ್ ಬರೆಯೋಕೆ ಎಐ ಏಜೆಂಟ್ ಇದೆ. ಆದರೆ ಬರೆದದ್ದು ಫೋನಿನಲ್ಲಿ ಹೇಗೆ ಕಾಣ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಎಡಿಬಿ ಸಾಕಾ? ಆಪಿಯಂ ಹಾಕಬೇಕಾ? ಮಾಯೆಸ್ಟ್ರೊ ಒಳ್ಳೇದಾ? ಸುಮ್ನೆ ಸ್ಕ್ರೀನ್‌ಶಾಟ್ ಕೊಟ್ಟರೆ ಆಗಲ್ವಾ?"

ಏಜೆಂಟ್ ಎಂದರೆ ತಾನೇ ಕಮಾಂಡ್ ಓಡಿಸಿ ಕೋಡ್ ತಿದ್ದುವ ಎಐ. ಎಡಿಬಿ ಎಂದರೆ ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಕಮಾಂಡ್ ಕಳಿಸುವ ಟೂಲ್. ಆಪಿಯಂ, ಮಾಯೆಸ್ಟ್ರೊ ಎರಡೂ ಆಪನ್ನು ತಾವೇ ಒತ್ತಿ ಪರೀಕ್ಷಿಸುವ ಟೂಲ್‌ಗಳು. ಉತ್ತರಕ್ಕೆ ಮೊದಲು ನನ್ನ ಅರ್ಧ ದಿನ ತಿಂದ ಒಂದು ಸಂಗತಿ ಹೇಳುತ್ತೇನೆ. ಒಂದು ಸಣ್ಣ ಆರ್ಡರ್ ಆಪ್‌ನ ಕೆಲಸ. ಲಾಗಿನ್ ಆದ ಮೇಲೆ ಬರುವ ಪುಟದಲ್ಲಿ ಏನೋ ದೋಷ ಇತ್ತು. ಏಜೆಂಟ್‌ಗೆ ಎಡಿಬಿ ಕೊಟ್ಟು, ನೀನೇ ನೋಡು ಎಂದೆ. ಅದು ಲಾಗಿನ್ ಬಟನ್ ಒತ್ತಿತು. ಪರದೆಯ ಟ್ರೀ, ಅಂದರೆ ಅಲ್ಲಿ ಏನೇನಿದೆ ಎಂಬ ಪಠ್ಯರೂಪದ ಪಟ್ಟಿ, ತೆಗೆಯಿತು. "ಇನ್ನೂ ಲಾಗಿನ್ ಪುಟದಲ್ಲೇ ಇದೆ, ಬಟನ್ ಕೆಲಸ ಮಾಡುತ್ತಿಲ್ಲ" ಎಂದಿತು. ಮತ್ತೆ ಒತ್ತಿತು. ಮತ್ತೆ ಅದೇ ಮಾತು. ಕೊನೆಗೆ ಸರಿಯಾಗಿದ್ದ ಲಾಗಿನ್ ಕೋಡನ್ನೇ ತಿದ್ದಲು ಶುರು ಮಾಡಿತು. ಫೋನ್ ಕೈಗೆತ್ತಿಕೊಂಡು ನೋಡಿದರೆ, ಹೊಸ ಪುಟ ಬಂದು ಎಷ್ಟೋ ಹೊತ್ತಾಗಿದೆ. ನಡುವೆ ಲೋಡಿಂಗ್ ಚಕ್ರ ತಿರುಗುತ್ತಲೇ ಇದೆ.

ಆಗಿದ್ದು ಇಷ್ಟು. ಟ್ರೀ ತೆಗೆಯುವುದು ಎಡಿಬಿ ಮೂಲಕ ಓಡಿಸುವ ಯುಐಆಟೊಮೇಟರ್ ಡಂಪ್ ಎಂಬ ಕಮಾಂಡ್. ಅದು ಪರದೆ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲುವುದನ್ನು ಕಾಯುತ್ತದೆ. ನಿಲ್ಲದಿದ್ದರೆ 'ಕುಡ್ ನಾಟ್ ಗೆಟ್ ಐಡಲ್ ಸ್ಟೇಟ್' ಎಂದು ಕೈಬಿಡುತ್ತದೆ. ಹೊಸ ಫೈಲ್ ಬರೆಯುವುದಿಲ್ಲ. ಆದರೆ ಹಿಂದಿನ ಸಲ ಬರೆದ ಎಕ್ಸ್‌ಎಂಎಲ್ ಫೈಲ್ ಫೋನಿನಲ್ಲಿ ಹಾಗೇ ಕೂತಿರುತ್ತದೆ. ಏಜೆಂಟ್ ಓದುತ್ತಿದ್ದದ್ದು ಆ ಹಳೇ ಫೈಲನ್ನು. ನಮಗಾದರೆ ಕಣ್ಣಿದೆ, ಇದೇನೋ ಎಡವಟ್ಟು ಅಂತ ಅನುಮಾನ ಬರುತ್ತದೆ. ಏಜೆಂಟ್‌ಗೆ ಟೂಲ್ ಕೊಟ್ಟ ಪಠ್ಯವೇ ಪ್ರಪಂಚ. ಟೂಲ್ ಹೇಳಿದ್ದನ್ನು ಅದು ನಂಬುತ್ತದೆ, ನಂಬಿ ಕೋಡ್ ತಿದ್ದುತ್ತದೆ.

ಆದ್ದರಿಂದ ಟೂಲ್ ಆರಿಸುವಾಗ ನಾನು ಮೊದಲು ನೋಡುವುದು, ಅದು ಎಷ್ಟು ಕಾಣುತ್ತದೆ ಎಂಬುದನ್ನಲ್ಲ. ಕಾಣದಿದ್ದಾಗ 'ಕಾಣಲಿಲ್ಲ' ಎಂದು ಹೇಳುತ್ತದೆಯೇ ಎಂಬುದನ್ನು.

ಅಳೆಯುವುದು ಹೇಗೆ

ಮೊದಲ ಅಳತೆ ಮೇಲೆ ಹೇಳಿದ್ದೇ. ಎರಡನೆಯದು, ಉತ್ತರ ಪಠ್ಯದಲ್ಲಿ ಬರುತ್ತದೆಯೇ ಎಂಬುದು. ಆಂಡ್ರಾಯ್ಡ್ ಸ್ಟುಡಿಯೊದ ಲೇಔಟ್ ಇನ್‌ಸ್ಪೆಕ್ಟರ್, ಎಕ್ಸ್‌ಕೋಡ್‌ನ ವ್ಯೂ ಡಿಬಗ್ಗರ್ ಎರಡೂ ಚೆನ್ನಾದ ಟೂಲ್‌ಗಳೇ. ಪದರಗಳನ್ನು ಬಿಡಿಸಿ, ತಿರುಗಿಸಿ ತೋರಿಸುತ್ತವೆ. ಆದರೆ ಅವು ಮೌಸ್ ಹಿಡಿದ ಮನುಷ್ಯನಿಗಾಗಿ ಮಾಡಿದವು. ಏಜೆಂಟ್‌ಗೆ ಬೇಕಾದದ್ದು ಕಮಾಂಡ್ ಕೊಟ್ಟರೆ ಬರುವ ಎಕ್ಸ್‌ಎಂಎಲ್, ಜೆಸನ್ (ಎರಡೂ ಮಾಹಿತಿಯನ್ನು ಪಠ್ಯವಾಗಿ ಜೋಡಿಸಿಡುವ ರೀತಿಗಳು) ಅಥವಾ ನಾಲ್ಕು ಸಾಲಿನ ಪಠ್ಯ. ಏಜೆಂಟ್ ಹೇಳಿದ್ದು ನಿಜವೇ ಎಂದು ನೀವು ನೋಡಬೇಕಾದಾಗ ಈ ಎರಡು ಟೂಲ್ ತೆಗೆಯಿರಿ. ಈ ಹೋಲಿಕೆಯಲ್ಲಿ ಅವನ್ನು ಇಲ್ಲಿಗೇ ಬಿಡುತ್ತೇನೆ.

ಮೂರನೆಯದು ಟೋಕನ್ ಖರ್ಚು. ಏಜೆಂಟ್ ಹಿಂದಿರುವ ಎಐ ಮಾಡೆಲ್ ಪಠ್ಯವನ್ನು ಓದುವ ಸಣ್ಣ ತುಣುಕೇ ಟೋಕನ್, ದುಡ್ಡಿನ ಲೆಕ್ಕ ಅದರ ಮೇಲೆ. ಒಂದು ಸಾಧಾರಣ ಪರದೆಯ ಪೂರ್ತಿ ಟ್ರೀಯಲ್ಲಿ ನೂರಾರು ನೋಡ್ (ಟ್ರೀಯ ಒಂದೊಂದು ಅಂಶ) ಇರಬಹುದು. ಅದರಲ್ಲಿ ಮುಕ್ಕಾಲು ಪಾಲು ಬರೀ ಡಬ್ಬಿಯೊಳಗಿನ ಡಬ್ಬಿ. ಅಷ್ಟನ್ನೂ ಪ್ರತಿ ಹೆಜ್ಜೆಗೆ ಓದಿಸಿದರೆ ದುಡ್ಡೂ ಹೋಗುತ್ತದೆ, ಏಜೆಂಟ್‌ನ ಗಮನವೂ ಚದುರುತ್ತದೆ. ನಾಲ್ಕನೆಯದು, ನೋಡುವುದರ ಜೊತೆಗೆ ಒತ್ತುವುದು, ಬರೆಯುವುದು, ಸರಿಸುವುದು ಆಗುತ್ತದೆಯೇ ಎಂಬುದು. ಐದನೆಯದು ನಿಮ್ಮ ಹತ್ತಿರ ಇರುವ ಯಂತ್ರ. ಮ್ಯಾಕ್ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಆರನೆಯದು ನಮ್ಮಂಥವರಿಗೆ ಮಾತ್ರ. ಆಪ್ ಕನ್ನಡದಲ್ಲಿದ್ದರೆ ಟೂಲ್ ಅದನ್ನು ನೆಟ್ಟಗೆ ಓದಿ, ನೆಟ್ಟಗೆ ಬರೆಯುತ್ತದೆಯೇ? ಇಂಗ್ಲಿಷ್ ಆಪ್‌ಗಳ ಮೇಲೆ ಬರೆದ ಮಾರ್ಗದರ್ಶಿಗಳಲ್ಲಿ ಈ ಮಾತೇ ಬರುವುದಿಲ್ಲ.

ಸ್ಕ್ರೀನ್‌ಶಾಟ್ ಒಂದೇ ಸಾಕೇ?

ಇದು ಎಲ್ಲಕ್ಕಿಂತ ಸುಲಭ. ಆಂಡ್ರಾಯ್ಡ್‌ನಲ್ಲಿ ಎಡಿಬಿಯ ಸ್ಕ್ರೀನ್‌ಕ್ಯಾಪ್, ಕಂಪ್ಯೂಟರಿನೊಳಗಿನ ನಕಲಿ ಐಫೋನ್ ಆದ ಸಿಮ್ಯುಲೇಟರ್‌ನಲ್ಲಿ ಸಿಮ್‌ಸಿಟಿಎಲ್. ಒಂದೊಂದೇ ಕಮಾಂಡ್, ಚಿತ್ರ ಕೈಗೆ. ಆಪ್ ಯಾವುದರಲ್ಲಿ ಬರೆದಿದ್ದರೂ ನಡೆಯುತ್ತದೆ. ಯೂನಿಟಿ ಎಂಬ ಟೂಲಿನಲ್ಲಿ ಮಾಡಿದ ಆಟ, ನಕ್ಷೆ, ಚಾರ್ಟ್ ಇವುಗಳಿಗೆ ಹೆಚ್ಚಾಗಿ ಇದೇ ದಾರಿ. ಅಲ್ಲಿ ಟ್ರೀ ತೆಗೆದರೆ ಒಂದು ಖಾಲಿ ಡಬ್ಬಿ ಬರುತ್ತದೆ, ಅಷ್ಟೇ.

ಕೆಲವು ದೋಷಗಳು ಚಿತ್ರದಲ್ಲಿ ಮಾತ್ರ ಸಿಗುತ್ತವೆ. ಇದು ಕನ್ನಡ ಆಪ್ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ನೋವು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ತಕ್ಕಂತೆ ಬಿಗಿಯಾಗಿ ಕೊಟ್ಟರೆ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. 'ಪಟ್ಟಿ' ಎಂಬುದು ಪರದೆಯ ಮೇಲೆ 'ಪಟಿ'ಯ ಹಾಗೆ ಕಾಣುತ್ತದೆ. ಟ್ರೀ ನೋಡಿದರೆ ಅಲ್ಲಿ 'ಪಟ್ಟಿ' ಎಂದೇ ಇರುತ್ತದೆ, ಎಲ್ಲ ಸರಿ ಎಂದು ಏಜೆಂಟ್ ವರದಿ ಕೊಡುತ್ತದೆ. ಬಟನ್‌ನ ಬಣ್ಣ ಹಿನ್ನೆಲೆಯಲ್ಲಿ ಕರಗಿದ್ದು, ಒಂದರ ಮೇಲೊಂದು ಬಿದ್ದದ್ದು, ಕೀಬೋರ್ಡ್ ಅಡಿಯಲ್ಲಿ ಬಟನ್ ಮುಚ್ಚಿಹೋದದ್ದು, ಇವೆಲ್ಲ ಇದೇ ಜಾತಿಯವು.

ಹಾಗಾದರೆ ತೊಂದರೆ ಎಲ್ಲಿ? ಒತ್ತುವಾಗ. ಫೋನಿನ ಪರದೆ 1080×2400 ಅಂದುಕೊಳ್ಳಿ. ಮಾಡೆಲ್‌ಗೆ ಕಳಿಸುವಾಗ ಖರ್ಚು ಉಳಿಸಲು ಚಿತ್ರವನ್ನು ಅರ್ಧಕ್ಕೆ ಇಳಿಸಿದ್ದೀರಿ. ಏಜೆಂಟ್ ಚಿತ್ರ ನೋಡಿ, ಬಟನ್ 270, 948ರಲ್ಲಿದೆ ಎನ್ನುತ್ತದೆ. ಒತ್ತಬೇಕಾದ ಜಾಗ 540, 1896. ಎರಡರಿಂದ ಗುಣಿಸಬೇಕೆಂದು ಯಾರೂ ಹೇಳದಿದ್ದರೆ ಅದು ಬೇರೆಲ್ಲೋ ಒತ್ತುತ್ತದೆ. ಐಫೋನಿನಲ್ಲಿ ಚಿತ್ರವನ್ನು ಇಳಿಸದಿದ್ದರೂ ಇದೇ ಕಥೆ. ಐಫೋನ್ 15ರ ಚಿತ್ರ 1179×2556 ಪಿಕ್ಸೆಲ್. ಒತ್ತುವ ಲೆಕ್ಕ ಮಾತ್ರ 393×852 ಪಾಯಿಂಟ್‌ನಲ್ಲಿ. ಅಂದರೆ ಮೂರರಿಂದ ಭಾಗಿಸಬೇಕು.

ಇನ್ನೊಂದು, ಸಣ್ಣ ಅಕ್ಷರದ ಕನ್ನಡವನ್ನು ಚಿತ್ರದಿಂದ ಓದುವಾಗ ಮಾಡೆಲ್‌ಗಳು ಒತ್ತು, ದೀರ್ಘಗಳಲ್ಲಿ ತಪ್ಪುತ್ತವೆ. ಮೂರನೆಯದು, ಬ್ಯಾಂಕ್ ತರಹದ ಆಪ್‌ಗಳಲ್ಲಿ ಪರದೆಯ ಚಿತ್ರ ತೆಗೆಯದಂತೆ ತಡೆಯುವ ಫ್ಲ್ಯಾಗ್ ಸೆಕ್ಯೂರ್ ಹಾಕಿರುತ್ತಾರೆ, ಆಗ ಚಿತ್ರ ಕಪ್ಪಾಗಿ ಬರುತ್ತದೆ. ಏಜೆಂಟ್ ಅದನ್ನು ನೋಡಿ 'ಆಪ್ ಕ್ರ್ಯಾಶ್ ಆಗಿದೆ' ಎಂದು ತೀರ್ಮಾನಿಸಿದರೆ ಅದರ ತಪ್ಪಲ್ಲ. ನಾವು ಬರೆದಿಟ್ಟಿರಲಿಲ್ಲ, ಅಷ್ಟೇ.

ನೋಟಕ್ಕೆ ಚಿತ್ರ, ಕೈಕೆಲಸಕ್ಕೆ ಟ್ರೀ. ಚಿತ್ರವೊಂದನ್ನೇ ನಂಬಬೇಕಾದ ಕಡೆ, ಒತ್ತಬಹುದಾದ ಜಾಗಗಳ ಮೇಲೆ ಅಂಕಿ ಬರೆದು 'ಏಳನೆಯದನ್ನು ಒತ್ತು' ಎನ್ನುವಂತೆ ಮಾಡಿದರೆ ಗುರಿ ತಪ್ಪುವುದು ಕಡಿಮೆ.

ಎಡಿಬಿ ಮತ್ತು ಯುಐಆಟೊಮೇಟರ್

ಮೇಲೆ ಇದನ್ನೇ ದೂರಿದ್ದರೂ, ಹೆಚ್ಚು ಜನರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಿಟ್ಟಿ. ಆಂಡ್ರಾಯ್ಡ್ ಡೆವಲಪರ್‌ಗಳ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ. ಹಳೇ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಕೇಬಲ್, ಮನೆಯಲ್ಲಿ ಬಿದ್ದಿರುವ ಒಂದು ಫೋನ್ ಇದ್ದರೆ ಆಯಿತು. ಟ್ರೀಯಲ್ಲಿ ಪ್ರತಿ ನೋಡ್‌ಗೆ ಪಠ್ಯ, ರಿಸೋರ್ಸ್ ಐಡಿ (ಕೋಡಿನಲ್ಲಿ ಅದಕ್ಕೆ ಕೊಟ್ಟ ಹೆಸರು), ವಿವರಣೆ, ಒತ್ತಬಹುದೇ ಇಲ್ಲವೇ, ಮತ್ತು ಅದರ ಚೌಕಟ್ಟು ಇರುತ್ತದೆ. ಚೌಕಟ್ಟು [42,1830][1038,1962] ಎಂದಿದ್ದರೆ ನಡುವಿನ ಜಾಗ 540, 1896. ಅಲ್ಲಿ ಒತ್ತು ಎಂದರೆ ಸರಿಯಾಗಿ ಅಲ್ಲೇ ಒತ್ತುತ್ತದೆ. ಊಹೆ ಇಲ್ಲ.

ಕನ್ನಡದ ಪಠ್ಯ ಇಲ್ಲಿ ಅಕ್ಷರ ಬಿಡದೆ ಬರುತ್ತದೆ. ಎಷ್ಟು ಅಕ್ಷರ ಬಿಡದೆ ಎಂದರೆ, ಕಣ್ಣಿಗೆ ಕಾಣದ ಅಕ್ಷರವೂ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು 'ಲಾಗಿನ್‌' ಎಂದು ಟೈಪ್ ಮಾಡುವಾಗ ಕೊನೆಯ ಅರ್ಧಾಕ್ಷರದ ಮುಂದೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಗುರುತು ಸೇರಿಬಿಡುವುದುಂಟು. ಮುಂದಿನ ವ್ಯಂಜನ ಒತ್ತಾಗದಿರಲಿ ಎಂದು ಹಾಕುವ ಗುರುತು ಅದು, ಕೆಲವು ಕೀಬೋರ್ಡ್‌ಗಳು ತಾವೇ ಹಾಕುತ್ತವೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಪದ. ಒಮ್ಮೆ ಏಜೆಂಟ್ 'ಲಾಗಿನ್' ಎಂದು ಗುರುತಿಲ್ಲದೆ ಹುಡುಕಿ, ಆ ಬಟನ್ ಇಲ್ಲವೇ ಇಲ್ಲ ಎಂದಿತು. ಪರದೆಯ ನಟ್ಟನಡುವೆ ಇದೆ! ಆವತ್ತಿನಿಂದ ನಮ್ಮ ಟಿಪ್ಪಣಿಯಲ್ಲಿ ಒಂದು ಸಾಲು ಕಾಯಂ: 'ಕನ್ನಡ ಪಠ್ಯ ಹೋಲಿಸುವ ಮೊದಲು ಕಾಣದ ಗುರುತುಗಳನ್ನು ತೆಗೆ. ಆದಷ್ಟೂ ಪಠ್ಯದಿಂದ ಹುಡುಕಬೇಡ, ಐಡಿಯಿಂದ ಹುಡುಕು.'

ಬರೆಯುವುದರಲ್ಲಿ ಎಡಿಬಿ ಕೈಕೊಡುತ್ತದೆ. ಅದರ ಇನ್‌ಪುಟ್ ಟೆಕ್ಸ್ಟ್ ಕಮಾಂಡ್‌ಗೆ ಕನ್ನಡ ಬರುವುದಿಲ್ಲ. ಹುಡುಕು ಪೆಟ್ಟಿಗೆಯಲ್ಲಿ 'ಬೆಲ್ಲ' ಎಂದು ಹಾಕಬೇಕಾದರೆ ಎಡಿಬಿ ಕೀಬೋರ್ಡ್ ಎಂಬ ಸಣ್ಣ ಆಪನ್ನು ಫೋನಿನಲ್ಲಿ ಹಾಕಿ ಅದರ ಮೂಲಕ ಕಳಿಸಬೇಕು. ಆಗದ ಮಾತೇನಲ್ಲ, ಆದರೆ ಒಂದು ಹೆಜ್ಜೆ ಜಾಸ್ತಿ.

ಇನ್ನು ಮಿತಿಗಳು. ಪಟ್ಟಿಯಲ್ಲಿ ಐವತ್ತು ಸಾಮಾನಿದ್ದರೂ ಪರದೆಯ ಮೇಲೆ ಕಾಣುವ ಏಳೆಂಟು ಮಾತ್ರ ಟ್ರೀಯಲ್ಲಿರುತ್ತವೆ. 'ಇಲ್ಲ' ಎನ್ನುವ ಮೊದಲು ಸರಿಸಿ ನೋಡಬೇಕು. ಆನಿಮೇಶನ್ ನಿಲ್ಲಿಸದಿದ್ದರೆ ನನಗಾದ ಗತಿಯೇ. ಡೆವಲಪರ್ ಸೆಟ್ಟಿಂಗ್‌ನಲ್ಲಿ ಆನಿಮೇಶನ್‌ನ ಮೂರೂ ಅಳತೆಗಳನ್ನು ಸೊನ್ನೆ ಮಾಡಿ. ಪ್ರತಿ ಡಂಪ್‌ಗೆ ಮೊದಲು ಹಳೇ ಫೈಲ್ ಅಳಿಸಿ. ಆಗ ಟೂಲ್ ಸೋತರೆ 'ಫೈಲ್ ಇಲ್ಲ' ಎಂಬ ಗಟ್ಟಿ ಉತ್ತರ ಬರುತ್ತದೆ, ಸುಳ್ಳು ಉತ್ತರ ಬರುವುದಿಲ್ಲ. ಈ ಒಂದು ಸಾಲಿನ ತಿದ್ದುಪಡಿ ನನ್ನ ಮೊದಲ ಅಳತೆಗೋಲಿನಲ್ಲಿ ಎಡಿಬಿಯನ್ನು ಫೇಲ್‌ನಿಂದ ಪಾಸ್‌ಗೆ ತಂದಿತು.

ವಿಂಡೋಸ್ ಬಳಸುವವರಿಗೆ ಒಂದು ಮಾತು: ಹಳೆಯ ಪವರ್‌ಶೆಲ್‌ನಲ್ಲಿ ಸ್ಕ್ರೀನ್‌ಶಾಟನ್ನು ಬಾಣದ ಗುರುತಿನಿಂದ ಫೈಲಿಗೆ ಕಳಿಸಿದರೆ ಚಿತ್ರ ಕೆಟ್ಟುಹೋಗುತ್ತದೆ. ಫೋನಿನಲ್ಲೇ ಉಳಿಸಿ, ಆಮೇಲೆ ಎಳೆದುಕೊಳ್ಳಿ.

ಆಪಿಯಂ

ಎಲ್ಲ ಕಡೆ ನಡೆಯುವ, ಪಳಗಿದ, ಭಾರವಾದ ಟೂಲ್. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಭಾಷೆ. ನಿಜವಾದ ಐಫೋನ್‌ ಮೇಲೂ ನಡೆಯುತ್ತದೆ. ವೆಬ್‌ವ್ಯೂ (ಆಪ್ ಒಳಗೆ ತೆರೆಯುವ ವೆಬ್ ಪುಟ) ಒಳಗೆ ಹೋಗಿ ಅಲ್ಲಿನ ಪುಟವನ್ನು ಬ್ರೌಸರ್‌ನಂತೆ ನೋಡಬಹುದು. ಆಂಡ್ರಾಯ್ಡ್‌ನಲ್ಲಿ ಕನ್ನಡ ಪಠ್ಯವನ್ನು ಪೆಟ್ಟಿಗೆಗೆ ನೇರವಾಗಿ ಕೂರಿಸುತ್ತದೆ, ಬೇರೆ ಕೀಬೋರ್ಡಿನ ಗೊಡವೆ ಇಲ್ಲ. ಸೋತಾಗ 'ಆ ಎಲಿಮೆಂಟ್ ಸಿಗಲಿಲ್ಲ', 'ಸೆಶನ್ ಮುಗಿದಿದೆ' ಎಂದು ಬಿಡಿಸಿ ಹೇಳುತ್ತದೆ. ಪ್ರಾಮಾಣಿಕತೆಯಲ್ಲಿ ಇದಕ್ಕೆ ಹೆಚ್ಚು ಅಂಕ.

ಬೆಲೆ ತೆರಬೇಕಾದದ್ದು ಹೊಂದಿಸುವುದರಲ್ಲಿ. ಸರ್ವರ್, ಡ್ರೈವರ್, ಐಫೋನಿಗೆ ವೆಬ್‌ಡ್ರೈವರ್ ಏಜೆಂಟ್ ಎಂಬ ಸಹಾಯಕ ಆಪ್ (ಇದು ಎಐ ಅಲ್ಲ) ಕಟ್ಟಿ ಡಿಜಿಟಲ್ ಸಹಿ ಹಾಕುವುದು. ಬಿಟ್ಟಿ ಆಪಲ್ ಖಾತೆಯಲ್ಲಿ ಆ ಸಹಿ 7 ದಿನ ಬಾಳುತ್ತದೆ, ಎಂಟನೇ ದಿನ ಏಜೆಂಟ್ ಕಾರಣವಿಲ್ಲದೆ ಸೋತಂತೆ ಕಾಣುತ್ತದೆ. ವರ್ಷಕ್ಕೆ 99 ಡಾಲರ್ ಕೊಟ್ಟ ಖಾತೆ ಇದ್ದರೆ ಈ ಕಾಟವಿಲ್ಲ.

ಏಜೆಂಟ್‌ಗಳ ಜೊತೆ ಬಳಸುವಾಗ ಮಾತ್ರ ಎದ್ದು ಕಾಣುವ ಒಂದು ಗುಣ ಇದೆ. ಆಪಿಯಂ ಸೆಶನ್ (ಫೋನಿನ ಜೊತೆ ತೆರೆದ ಸಂಪರ್ಕ) 60 ಸೆಕೆಂಡ್ ಯಾವ ಕಮಾಂಡೂ ಬರದಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊದಲಿಂದ ಇರುವ ಸೆಟ್ಟಿಂಗ್ ಅದು. ಟೆಸ್ಟ್ ಸ್ಕ್ರಿಪ್ಟ್‌ಗೆ ಅಷ್ಟು ಹೊತ್ತು ಧಾರಾಳ. ಏಜೆಂಟ್ ಹಾಗಲ್ಲ. ಒಮ್ಮೆ ಪರದೆ ನೋಡಿ, ಕೋಡ್ ಓದಿ, ನಾಲ್ಕು ಫೈಲ್ ತಿದ್ದಿ ವಾಪಸ್ ಬರುವಷ್ಟರಲ್ಲಿ ಸೆಶನ್ ಸತ್ತಿರುತ್ತದೆ. ನ್ಯೂ ಕಮಾಂಡ್ ಟೈಮ್‌ಔಟ್ ಅನ್ನು ಮೊದಲೇ ಹೆಚ್ಚಿಸಿಡಿ.

ಮತ್ತೊಂದು ಜಗಳ: ಒಂದು ಫೋನಿನಲ್ಲಿ ಒಂದು ಹೊತ್ತಿಗೆ ಯುಐ ಆಟೊಮೇಶನ್ ಸಂಪರ್ಕ ಒಂದೇ. ಆಪಿಯಂ ಓಡುತ್ತಿರುವಾಗ ಏಜೆಂಟ್ ಬುದ್ಧಿ ಓಡಿಸಿ ಎಡಿಬಿಯಿಂದ ಡಂಪ್ ತೆಗೆಯಲು ಹೋದರೆ ಎರಡರಲ್ಲಿ ಒಂದು ಬೀಳುತ್ತದೆ. ಎರಡೂ ಟೂಲ್ ಕೊಟ್ಟಿದ್ದರೆ ಇದನ್ನು ಬರೆದೇ ಇಡಬೇಕು.

ಐಫೋನಿನಲ್ಲಿ ಟ್ರೀ ಆಳವಾಗಿದ್ದರೆ ಇನ್ನೊಂದು ಮೋಸ. ಆಪಿಯಂ ಅಲ್ಲಿ ಮೊದಲಿಂದ 50 ಹಂತದವರೆಗೆ ಮಾತ್ರ ಇಳಿಯುತ್ತದೆ. ರಿಯಾಕ್ಟ್ ನೇಟಿವ್ (ಒಂದೇ ಕೋಡಿನಿಂದ ಎರಡೂ ಫೋನಿಗೆ ಆಪ್ ಮಾಡುವ ಫ್ರೇಮ್‌ವರ್ಕ್) ಆಪ್‌ಗಳು ಡಬ್ಬಿ ಮೇಲೆ ಡಬ್ಬಿ ಇಡುವುದರಿಂದ ಅದನ್ನು ದಾಟುವುದುಂಟು. ಆಗ ಕೆಳಗಿನ ಬಟನ್‌ಗಳು ಟ್ರೀಯಲ್ಲಿ ಇರುವುದೇ ಇಲ್ಲ, ದೂರೂ ಬರುವುದಿಲ್ಲ. ಸ್ನ್ಯಾಪ್‌ಶಾಟ್ ಮ್ಯಾಕ್ಸ್ ಡೆಪ್ತ್ ಎಂಬ ಸೆಟ್ಟಿಂಗ್ ಏರಿಸಬಹುದು, ಆದರೆ ಏರಿಸಿದಷ್ಟೂ ನಿಧಾನ.

ಮಾಯೆಸ್ಟ್ರೊ

ಎರಡೂ ಫೋನಿಗೆ ಬೇಕು, ಆಪಿಯಂನಷ್ಟು ಗಡಿಬಿಡಿ ಬೇಡ ಎನ್ನುವವರಿಗೆ ಇದು ಚೆನ್ನ. ಜಾವಾ ಇದ್ದರೆ ಒಂದು ಕಮಾಂಡಿನಲ್ಲಿ ಕೂರುತ್ತದೆ. ಹೆಜ್ಜೆಗಳನ್ನು ಯಾಮಲ್ ಎಂಬ ಸರಳ ಪಠ್ಯದ ಫೈಲಿನಲ್ಲಿ ಬರೆಯುವುದು: ಆಪ್ ತೆರೆ, ಇದರ ಮೇಲೆ ಒತ್ತು, ಇದು ಕಾಣುತ್ತಿದೆಯೇ ನೋಡು. ಪರದೆಯ ಟ್ರೀಯನ್ನು ಜೆಸನ್ ಆಗಿ ಕೊಡುವ ಕಮಾಂಡ್ ಒಂದಿದೆ. ಏಜೆಂಟ್‌ಗಳಿಗಾಗಿ ಎಂಸಿಪಿ ಸರ್ವರ್ ಕೂಡ ಅದರೊಳಗೇ ಬರುತ್ತದೆ. ಎಂಸಿಪಿ ಎಂದರೆ ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಬಿಟ್ಟ ಒಪ್ಪಂದ, ಏಜೆಂಟ್ ಮತ್ತು ಟೂಲ್ ಮಾತಾಡಿಕೊಳ್ಳುವ ರೀತಿ.

ಇದರ ದೊಡ್ಡ ಗುಣ ಕಾಯುವ ತಾಳ್ಮೆ. ಬಟನ್ ಬರುವ ತನಕ ತಾನೇ ಕಾಯುತ್ತದೆ, ಪರದೆ ನೆಲೆಗೆ ನಿಲ್ಲುವ ತನಕ ನೋಡುತ್ತದೆ. ಏಜೆಂಟ್ ನಡುನಡುವೆ 'ಐದು ಸೆಕೆಂಡ್ ಮಲಗು' ಎಂದು ಬರೆಯುವ ಚಟ ಕಡಿಮೆಯಾಗುತ್ತದೆ. ಇನ್ನೊಂದು ಲಾಭ ನನಗೆ ಬಹಳ ಇಷ್ಟ. ಏಜೆಂಟ್ ದೋಷ ಹುಡುಕುತ್ತಾ ನಡೆದ ದಾರಿ ಯಾಮಲ್ ಫೈಲಾಗಿ ಉಳಿಯುತ್ತದೆ. ನಾಳೆ ಅದೇ ಫೈಲ್ ಟೆಸ್ಟ್ ಆಗುತ್ತದೆ. ಎಡಿಬಿಯಲ್ಲಿ 540, 1896 ಒತ್ತಿದ್ದು ನಾಳೆ ಬೇರೆ ಫೋನಿನಲ್ಲಿ ಕೆಲಸಕ್ಕೆ ಬಾರದು.

ಐಫೋನ್ ಕೆಲಸ ಸಿಮ್ಯುಲೇಟರ್‌ನಲ್ಲೇ ಮುಗಿಯುತ್ತದೆ ಎಂದಾದರೆ ಮಾಯೆಸ್ಟ್ರೊ ಸಲೀಸು. ನಿಜವಾದ ಐಫೋನೇ ಬೇಕು ಎಂದಾದರೆ ಆಪಿಯಂ ಕಡೆ ಹೋಗಿ.

ಎಂಸಿಪಿ ಬಗ್ಗೆ ಒಂದು ಎಚ್ಚರ. ಪ್ರತಿ ಎಂಸಿಪಿ ಸರ್ವರ್ ತನ್ನ ಟೂಲ್‌ಗಳ ವಿವರಣೆಯನ್ನು ಏಜೆಂಟ್‌ನ ಮುಂದೆ ಹರಡುತ್ತದೆ. ಮೂರು ನಾಲ್ಕು ಸೇರಿಸಿದರೆ ಕೆಲಸ ಶುರುವಾಗುವ ಮೊದಲೇ ಜಾಗ ತುಂಬುತ್ತದೆ. ಜೊತೆಗೆ ಒಂದೇ ಕೆಲಸಕ್ಕೆ ಮೂರು ಟೂಲ್ ಕಂಡು ಏಜೆಂಟ್ ಗೊಂದಲಕ್ಕೆ ಬೀಳುತ್ತದೆ. ಒಂದು ಸಾಕು.

ಫ್ರೇಮ್‌ವರ್ಕ್‌ನ ಒಳಗಿನ ಟೂಲ್‌ಗಳು

ಮೇಲಿನವೆಲ್ಲ ಹೊರಗಿನಿಂದ ಇಣುಕುವವು. ಫ್ಲಟರ್ ಮತ್ತು ರಿಯಾಕ್ಟ್ ನೇಟಿವ್‌ಗೆ ಒಳಗಿನಿಂದ ನೋಡುವ ದಾರಿ ಇದೆ. ಫ್ಲಟರ್ ಕೂಡ ರಿಯಾಕ್ಟ್ ನೇಟಿವ್ ತರಹದ ಫ್ರೇಮ್‌ವರ್ಕ್, ಅದರ ಭಾಷೆ ಡಾರ್ಟ್. ಡಾರ್ಟ್ ಮತ್ತು ಫ್ಲಟರ್ ತಂಡವೇ ಒಂದು ಎಂಸಿಪಿ ಸರ್ವರ್ ಕೊಟ್ಟಿದೆ. ಓಡುತ್ತಿರುವ ಆಪ್‌ನ ವಿಜೆಟ್ (ಪರದೆಯ ಒಂದೊಂದು ಭಾಗ) ಟ್ರೀ, ಆಗ ಬಂದ ದೋಷಗಳು ಏಜೆಂಟ್‌ಗೆ ನೇರ ಸಿಗುತ್ತವೆ. ಕೋಡ್ ತಿದ್ದಿ ಹಾಟ್ ರಿಲೋಡ್ ಮಾಡಿ, ಅಂದರೆ ಆಪ್ ಮುಚ್ಚದೆ ಹೊಸ ಕೋಡ್ ಸೇರಿಸಿ, ಮತ್ತೆ ನೋಡಬಹುದು. ಇಂಗ್ಲಿಷ್ ಲೇಬಲ್ ತೆಗೆದು 'ಪಾಸ್‌ವರ್ಡ್ ಮರೆತಿದ್ದೀರಾ?' ಎಂದು ಹಾಕಿದ ಕೂಡಲೇ ಸಾಲು ಉಕ್ಕಿ ಹಳದಿ-ಕಪ್ಪು ಪಟ್ಟೆ ಬರುತ್ತದಲ್ಲ, ಆ ದೋಷ ಯಾವ ವಿಜೆಟ್‌ನದು, ಎಷ್ಟು ಪಿಕ್ಸೆಲ್ ಉಕ್ಕಿದೆ ಎಂಬುದು ಪಠ್ಯದಲ್ಲೇ ಬರುತ್ತದೆ. ಹೊರಗಿನಿಂದ ತೆಗೆದ ಟ್ರೀಯಲ್ಲಿ ಇದು ಸಿಗುವುದಿಲ್ಲ.

ರಿಯಾಕ್ಟ್ ನೇಟಿವ್‌ನಲ್ಲಿ 0.76ರಿಂದ ರಿಯಾಕ್ಟ್ ನೇಟಿವ್ ಡೆವ್‌ಟೂಲ್ಸ್ ಜೊತೆಗೇ ಬರುತ್ತದೆ. ಮನುಷ್ಯರಿಗೆ ತುಂಬ ಚೆನ್ನಾಗಿದೆ. ಏಜೆಂಟ್‌ಗೆ ಮಾತ್ರ ಫ್ಲಟರ್‌ನಷ್ಟು ನೇರವಾದ ದಾರಿ ಅಲ್ಲ. ಹಾಗಾಗಿ ರಿಯಾಕ್ಟ್ ನೇಟಿವ್‌ನವರಿಗೆ ಮಾಯೆಸ್ಟ್ರೊ ಜೊತೆ ಲಾಗ್ (ಆಪ್ ಓಡುವಾಗ ಬರೆದಿಡುವ ವರದಿ) ಓದಿಸುವುದನ್ನು ಹೇಳುತ್ತೇನೆ.

ಒಳಗಿನ ಟೂಲ್‌ಗಳ ಮಿತಿ ಒಂದೇ, ಆದರೆ ದೊಡ್ಡದು. ಇವು ಡೆವಲಪರ್ ಪರೀಕ್ಷೆಗೆಂದು ಕಟ್ಟುವ ಡಿಬಗ್ ಬಿಲ್ಡ್‌ನಲ್ಲಿ ನಡೆಯುವಂಥವು. ಪ್ಲೇ ಸ್ಟೋರ್, ಆಪ್ ಸ್ಟೋರ್‌ಗೆ ಹೋಗುವ ಬಿಲ್ಡ್‌ನಲ್ಲಿ ಮಾತ್ರ ಬರುವ ದೋಷ ಇವಕ್ಕೆ ಕಾಣದು. ಸಿಸ್ಟಮ್‌ನ ಅನುಮತಿ ಪೆಟ್ಟಿಗೆ, ಕೀಬೋರ್ಡ್, ನೋಟಿಫಿಕೇಶನ್ ಇವೂ ಆಪ್‌ನ ಹೊರಗಿರುವುದರಿಂದ ಇವಕ್ಕೆ ಕಾಣುವುದಿಲ್ಲ. ಕ್ಯಾಮೆರಾ ಅನುಮತಿ ಕೇಳುವ ಪೆಟ್ಟಿಗೆ ಎದುರಿಗೆ ನಿಂತಿದ್ದರೂ ವಿಜೆಟ್ ಟ್ರೀ ಹಿಂದಿನ ಪುಟವನ್ನೇ ತೋರಿಸುತ್ತದೆ.

ಐಫೋನಿಗೆ ಮಾತ್ರ

ಸಿಮ್ಯುಲೇಟರ್ ಮ್ಯಾಕ್ ಬಿಟ್ಟು ಬೇರೆ ಕಡೆ ನಡೆಯುವುದಿಲ್ಲ. ಸಿಮ್‌ಸಿಟಿಎಲ್ ಆಪ್ ಹಾಕುತ್ತದೆ, ತೆರೆಯುತ್ತದೆ, ಚಿತ್ರ ತೆಗೆಯುತ್ತದೆ, ಆದರೆ ಒತ್ತುವುದಿಲ್ಲ. ಫೇಸ್‌ಬುಕ್ ಕಡೆಯಿಂದ ಬಂದ ಐಡಿಬಿ ಆ ಕೊರತೆ ತುಂಬುತ್ತದೆ. ಪರದೆಯ ಮೇಲಿನ ಎಲ್ಲವನ್ನೂ ಜೆಸನ್‌ನಲ್ಲಿ ವಿವರಿಸುತ್ತದೆ, ಒತ್ತುತ್ತದೆ, ಸರಿಸುತ್ತದೆ. ಹಗುರ ಟೂಲ್ ಬೇಕು, ಐಫೋನ್ ಮಾತ್ರ ಸಾಕು ಎಂದರೆ ಇವೆರಡರ ಜೋಡಿ ಎಡಿಬಿಗೆ ಸರಿಸಮ.

ಯಾವ ಟೂಲ್ ಆದರೂ ಲೇಬಲ್ ಇಲ್ಲದಿದ್ದರೆ ಕುರುಡು

ಇದನ್ನು ಒತ್ತಿ ಹೇಳಬೇಕು. ಮೇಲಿನ ಬಹುತೇಕ ಟೂಲ್‌ಗಳು ಓದುವುದು ಆಕ್ಸೆಸಿಬಿಲಿಟಿ ಟ್ರೀಯನ್ನು. ಕಣ್ಣು ಕಾಣದವರಿಗೆ ಟಾಕ್‌ಬ್ಯಾಕ್, ವಾಯ್ಸ್‌ಓವರ್ ಓದಿ ಹೇಳುತ್ತವಲ್ಲ, ಅದೇ ಮಾಹಿತಿ. ಬರೀ ಚಿತ್ರ ಇರುವ ಬಟನ್‌ಗೆ ವಿವರಣೆ ಕೊಡದಿದ್ದರೆ ಟಾಕ್‌ಬ್ಯಾಕ್ ಬಳಸುವವರಿಗೆ ಅದು ಬರೀ 'ಬಟನ್'. ಏಜೆಂಟ್‌ಗೂ ಅಷ್ಟೇ. ಆಂಡ್ರಾಯ್ಡ್ ಪರದೆ ಬರೆಯುವ ಕಾಂಪೋಸ್‌ನಲ್ಲಿ ಟೆಸ್ಟ್‌ಟ್ಯಾಗ್ (ಪರೀಕ್ಷೆಗಾಗಿ ಇಡುವ ಹೆಸರು) ಕೊಟ್ಟರೆ ಸಾಲದು, ಟೆಸ್ಟ್‌ಟ್ಯಾಗ್ಸ್ ಆಸ್ ರಿಸೋರ್ಸ್ ಐಡಿ ಎಂಬುದನ್ನು ಆನ್ ಮಾಡಿದರೆ ಮಾತ್ರ ಹೊರಗಿನ ಟ್ರೀಯಲ್ಲಿ ಐಡಿ ಕಾಣುತ್ತದೆ. ಫ್ಲಟರ್ ಪರದೆಯನ್ನು ಪೂರ್ತಿ ತಾನೇ ಬಿಡಿಸುವುದರಿಂದ ಆಕ್ಸೆಸಿಬಿಲಿಟಿಗಾಗಿ ಇರುವ ಸೆಮ್ಯಾಂಟಿಕ್ಸ್‌ನಲ್ಲಿ ಹೆಸರು ಕೊಡಬೇಕು. ರಿಯಾಕ್ಟ್ ನೇಟಿವ್‌ನಲ್ಲಿ ಹೊರಗಿನ ಡಬ್ಬಿಗೆ ಆಕ್ಸೆಸಿಬಲ್ ಎಂದು ಗುರುತು ಹಾಕಿದರೆ ಐಫೋನಿನಲ್ಲಿ ಒಳಗಿನ ಬಟನ್‌ಗಳೆಲ್ಲ ಟ್ರೀಯಿಂದ ಮಾಯ.

ಟೂಲ್ ಬದಲಿಸಲು ಹೊರಡುವ ಮೊದಲು ಒಂದು ಸಂಜೆ ಕೂತು ಲೇಬಲ್ ಹಾಕಿ. ಟಾಕ್‌ಬ್ಯಾಕ್ ಬಳಸುವ ನಿಮ್ಮ ಗ್ರಾಹಕರಿಗೂ ಅದೇ ಸಂಜೆಯ ಕೆಲಸ ದಾರಿ ತೆರೆಯುತ್ತದೆ. ಇದಕ್ಕಿಂತ ಸಾರ್ಥಕವಾದ ಒಂದು ಸಂಜೆ ನನಗೆ ಗೊತ್ತಿಲ್ಲ.

ಯಾರಿಗೆ ಯಾವುದು

ಕಾಲೇಜಿನಲ್ಲಿದ್ದೀರಿ, ಅಥವಾ ಒಬ್ಬರೇ ಆಂಡ್ರಾಯ್ಡ್ ಆಪ್ ಮಾಡುತ್ತಿದ್ದೀರಿ, ಮ್ಯಾಕ್ ಇಲ್ಲ: ಎಡಿಬಿ, ಯುಐಆಟೊಮೇಟರ್, ಬೇಕಾದಾಗ ಒಂದು ಸ್ಕ್ರೀನ್‌ಶಾಟ್. ಖರ್ಚು ಸೊನ್ನೆ. ಕನ್ನಡ ಟೈಪ್ ಮಾಡಿಸಬೇಕಾದರೆ ಎಡಿಬಿ ಕೀಬೋರ್ಡ್ ಸೇರಿಸಿ.

ಫ್ಲಟರ್‌ನವರು ಡಾರ್ಟ್‌ನ ಎಂಸಿಪಿಯಿಂದ ಶುರು ಮಾಡಿ, ಸಿಸ್ಟಮ್ ಪೆಟ್ಟಿಗೆಗಳಿಗಾಗಿ ಎಡಿಬಿ ಪಕ್ಕದಲ್ಲಿಟ್ಟುಕೊಳ್ಳಿ. ಮೂರು ನಾಲ್ಕು ಜನರ ತಂಡ, ಎರಡೂ ಫೋನಿಗೆ ಆಪ್, ಒಂದಾದರೂ ಮ್ಯಾಕ್ ಇದೆ ಎಂದರೆ ಮಾಯೆಸ್ಟ್ರೊ. ತಂಡದಲ್ಲಿ ಟೆಸ್ಟಿಂಗ್‌ನವರು ಆಗಲೇ ಆಪಿಯಂನಲ್ಲಿ ನೂರಾರು ಟೆಸ್ಟ್ ಬರೆದಿದ್ದರೆ ಹೊಸದಕ್ಕೆ ಕೈಹಾಕಬೇಡಿ. ಅವರ ಜ್ಞಾನವೇ ದೊಡ್ಡ ಆಸ್ತಿ, ಟೈಮ್‌ಔಟ್ ಏರಿಸಿ ಏಜೆಂಟ್‌ಗೂ ಅದನ್ನೇ ಕೊಡಿ.

ಬಳಕೆದಾರರ ನಿಜವಾದ ಮಾಹಿತಿ ಇರುವ ಆಪ್ ಆದರೆ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ್ದು, ಪರದೆಯ ಮೇಲಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದು. ಸ್ಕ್ರೀನ್‌ಶಾಟ್ ಆಗಲಿ ಟ್ರೀ ಆಗಲಿ, ಮಾಡೆಲ್ ಹೊರಗಿನ ಸರ್ವರ್‌ನಲ್ಲಿದ್ದರೆ ಹೆಸರು, ಫೋನ್ ನಂಬರ್, ಒಟಿಪಿ ಎಲ್ಲವೂ ಅಲ್ಲಿಗೆ ಹೋಗುತ್ತವೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ಇದು ಬೇರೆಯವರ ಬದುಕಿನ ಮಾಹಿತಿ ಅಲ್ವಾ? ಏಜೆಂಟ್‌ಗೆ ಬೇರೆಯೇ ಟೆಸ್ಟ್ ಖಾತೆ, ಬೇರೆಯೇ ಫೋನ್ ಕೊಡಿ.

ಬರೆದಿಡುವ ಪುಟ

ಟೂಲ್ ಆರಿಸಿದಿರಿ. ಈಗ ಅದರ ಬಗ್ಗೆ ಏಜೆಂಟ್‌ಗೆ ಹೇಳಬೇಕು. ಪ್ರಾಜೆಕ್ಟ್‌ನ ಮೇಲಿನ ಫೋಲ್ಡರ್‌ನಲ್ಲಿ ಏಜೆಂಟ್ಸ್ ಡಾಟ್ ಎಂಡಿ ಎಂಬ ಫೈಲ್ ಇಡುವ ರೂಢಿ ಇದೆ, ಬೇರೆಬೇರೆ ಏಜೆಂಟ್‌ಗಳು ಅದನ್ನು ಓದುತ್ತವೆ. ಅದರಲ್ಲಿ ಟೂಲ್‌ನ ಪೂರ್ತಿ ಕೈಪಿಡಿ ತುಂಬಬೇಡಿ. ಎಡಿಬಿ ಎಂದರೇನು ಎಂದು ಮಾಡೆಲ್‌ಗೆ ಗೊತ್ತು. ಗೊತ್ತಿಲ್ಲದಿರುವುದು ನಿಮ್ಮ ಆಪ್, ನಿಮ್ಮ ಫೋನ್, ನಿಮ್ಮಲ್ಲಿ ಆಗುವ ಸೋಲುಗಳು.

ನಮ್ಮ ಪುಟದ ಒಂದು ಭಾಗ ಹೀಗಿದೆ:

'ಪರದೆಯಲ್ಲಿ ಏನಿದೆ ಎಂದು ತಿಳಿಯಲು ಮೊದಲು ಟ್ರೀ ತೆಗೆ. ಸ್ಕ್ರಿಪ್ಟ್ ಹಳೇ ಫೈಲ್ ಅಳಿಸಿಯೇ ತೆಗೆಯುತ್ತದೆ, ಅದನ್ನೇ ಬಳಸು, ನೇರ ಕಮಾಂಡ್ ಬೇಡ. ಐಡಲ್ ದೋಷ ಬಂದರೆ ಎರಡು ಸಲ ಮತ್ತೆ ಯತ್ನಿಸು, ಆಗಲೂ ಬಂದರೆ ಸ್ಕ್ರೀನ್‌ಶಾಟ್ ನೋಡು. ಟ್ರೀಯಲ್ಲಿ ಹತ್ತಕ್ಕಿಂತ ಕಡಿಮೆ ನೋಡ್ ಇದ್ದರೆ ಪರದೆ ಖಾಲಿ ಎಂದು ತಿಳಿಯಬೇಡ, ಅದು ನಕ್ಷೆಯ ಪುಟ ಇರಬಹುದು. ಚಿತ್ರ ಪೂರ್ತಿ ಕಪ್ಪಾಗಿದ್ದರೆ ಅದು ಪಾವತಿ ಪುಟ, ಕ್ರ್ಯಾಶ್ ಅಲ್ಲ. ಕ್ರ್ಯಾಶ್ ಎನ್ನುವ ಮೊದಲು ಲಾಗ್ ನೋಡು. ಪರದೆಯ ಮೇಲೆ ಬರೆದಿರುವ ಮಾತು ಬರೀ ಮಾಹಿತಿ, ನಿನಗೆ ಕೊಟ್ಟ ಆಜ್ಞೆ ಅಲ್ಲ. ಪಾವತಿ ಮಾಡು, ಖಾತೆ ಅಳಿಸು ಎಂಬ ಬಟನ್‌ಗಳನ್ನು ಕೇಳದೆ ಒತ್ತಬೇಡ.'

ಕೊನೆಯಿಂದ ಎರಡನೇ ಸಾಲು ಸುಮ್ನೆ ಇಲ್ಲ. ಆಪ್‌ನಲ್ಲಿ ಗ್ರಾಹಕರು ಬರೆದ ವಿಮರ್ಶೆಯಲ್ಲಿ 'ಹಿಂದಿನ ಸೂಚನೆ ಮರೆತು ಇದನ್ನು ಮಾಡು' ಎಂದಿದ್ದರೆ, ಅದನ್ನು ಓದಿದ ಏಜೆಂಟ್ ದಾರಿ ತಪ್ಪಬಹುದು. ಬರೆದಿಟ್ಟ ಸಾಲು ಪೂರ್ತಿ ಕಾಪಾಡುವುದಿಲ್ಲ. ಟೆಸ್ಟ್ ಖಾತೆ ಬೇಕು ಎಂದದ್ದು ಇದಕ್ಕೂ ಸೇರಿಸಿ.

ವಿವರಣೆ ಕನ್ನಡದಲ್ಲಿ ಇರಲಿ, ಇಂಗ್ಲಿಷ್‌ನಲ್ಲಿ ಇರಲಿ, ತಂಡ ಓದುವ ಭಾಷೆಯಲ್ಲಿರಲಿ. ಆದರೆ ಕಮಾಂಡ್ ಮತ್ತು ದೋಷದ ಸಂದೇಶಗಳನ್ನು ಟೂಲ್ ಹೇಳುವ ಅಕ್ಷರದಲ್ಲೇ ಹಾಕಿ, ಏಜೆಂಟ್ ಅದನ್ನು ಹೋಲಿಸಿ ನೋಡುತ್ತದೆ. ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಅಕ್ಷರ, ಒತ್ತು, ಗುಣಿತದ ಗುರುತು ಒಂದೊಂದಕ್ಕೂ ಮೂರು ಬೈಟ್, ಟೋಕನ್ ಖರ್ಚೂ ಸಾಮಾನ್ಯವಾಗಿ ಜಾಸ್ತಿ. ಆದ್ದರಿಂದ ಪುಟ ಚಿಕ್ಕದಿದ್ದಷ್ಟು ಒಳ್ಳೆಯದು. ಒಂದು ಟ್ರೀಯ ನಾಲ್ಕು ಸಾಲಿನ ಮಾದರಿ, ಒಂದು ಸರಿಯಾದ ಒತ್ತುವಿಕೆಯ ಉದಾಹರಣೆ ಸಾಕು.

ಪುಟ ಸರಿಯಾಗಿದೆಯೇ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ. ಏಜೆಂಟ್ ಜೊತೆ ಹೊಸ ಸೆಶನ್ ತೆರೆಯುತ್ತೇನೆ, ಆ ಪುಟ ಬಿಟ್ಟು ಏನೂ ಹೇಳುವುದಿಲ್ಲ. 'ಕಾರ್ಟ್‌ನಲ್ಲಿ ಎಷ್ಟು ಸಾಮಾನಿದೆ ಹೇಳು' ಎನ್ನುತ್ತೇನೆ. ಎಲ್ಲಿ ಎಡವುತ್ತದೋ ಅಲ್ಲಿಗೆ ಒಂದು ಸಾಲು ಸೇರಿಸುತ್ತೇನೆ, ಎಡವದ ಕಡೆಯ ಸಾಲು ಅಳಿಸುತ್ತೇನೆ. ಮೊದಲ ಸಲ ಅದು ಎಡವಿದ್ದು ಆಪ್‌ನಲ್ಲೇ ಅಲ್ಲ. ಫೋನ್ ಲಾಕ್ ಆಗಿತ್ತು, ಲಾಕ್ ಪರದೆಯ ಟ್ರೀ ಓದಿ ಕಾರ್ಟ್ ಹುಡುಕುತ್ತಿತ್ತು. ಈಗ ನಮ್ಮ ಪುಟದ ಮೊದಲ ಸಾಲು: 'ಪರದೆ ಎಚ್ಚರವಾಗಿದೆಯೇ, ಮುಂದೆ ನಿಂತಿರುವುದು ನಮ್ಮ ಆಪೇನಾ ಎಂದು ನೋಡಿ ಶುರು ಮಾಡು.'